ಬೊಚ್ಚುಬಾಯಿ ಕಾಕಾನ ಹಲ್ಲುಪುಡಿ

ಪುಣೆಯ ಸದಾಶಿವ ಪೇಟೆಯ ನಮ್ಮ ವಾಡೆಮನೆಯ ಹಿತ್ತಲಂಗಳದಲ್ಲಿ ಅವತ್ತು ನಾವೆಲ್ಲರೂ ಇದ್ದೆವು. ಒರಳಿನ ಹತ್ತಿರ ಒನಕೆ ಹಿಡಿದ ಸಖಾರಾಮ, ಜರಡಿ ಹಿಡಿದ ಗೋದಕ್ಕ, ಅಡಿಗೆಮನೆಯ ಹೊಸ್ತಿಲಲ್ಲಿ ನಮ್ಮ ಕಾಕು, ಡಬ್ಬಿಗಳಿಗೆ ಚೀಟಿ ಅಂಟಿಸುತ್ತ ನಾನು, ನಡುವೆ ಚಾಪೆಯ ಮೇಲೆ ಕಾಕುವಿನ ಗಂಡ, ನನ್ನ ಚಿಕ್ಕಪ್ಪ, ನಮ್ಮ ಕಾಕಾ. ಅವರ ಎದುರಿಗೆ ಕೋಟು, ರುಮಾಲು, ಉಪರಣೆಗಳ ಸಮೇತ ಇಬ್ಬರು ಗೃಹಸ್ಥರು. ಊರಿನ ಕನ್ನಡ ಮಂದಿಯೊಳಗೆ ಭಾರೀ ಕಲಿತವರು. ನಮ್ಮ ತರುಣರು ನೌಕರಿಯ ಬೆನ್ನು ಹತ್ತಿ ಕೆಟ್ಟರು, ಅವರಿಗೆ ಉದ್ಯೋಗದ ಹುಚ್ಚು ಹಿಡಿಸಬೇಕು, ಅದಕ್ಕಾಗಿ ಒಂದು ಸಭೆ ಇಟ್ಟುಕೊಂಡಿದ್ದೇವೆ, ತಾವು ಬಂದು ನಾಲ್ಕು ಮಾತು ಹೇಳಬೇಕು ಎಂದು ಕೇಳಲು ಬಂದಿದ್ದರು.

ಇಬ್ಬರೊಳಗೆ ಹಿರಿಯರಾದವರು ಕೇಳಿದರು: “ರಾಯರ, ಒಂದು ಕಾರಖಾನಿ ಮುಂದಕ್ಕ ಬರಬೇಕಾದ್ರ, ಅದನ್ನ ನಡಸಾಂವನೊಳಗ ಮುಖ್ಯ ಯಾವ ಗುಣ ಇರಬೇಕ್ರಿ?”

ಕಾಕಾ ಗದ್ದ ತೀಡಿಕೊಂಡು ವಿಚಾರ ಮಾಡಿದರು. ಆಮೇಲೆ ಬಾಯಿ ತುಂಬ ನಕ್ಕು ಅಂದರು: “ಬಾಯಾಗ ಹಲ್ಲು ಇರಬಾರದ್ರಿ.”

ಗೃಹಸ್ಥರು ಆ ಬಾಯನ್ನು ನೋಡಿದರು. ಮೇಲಿನ ಸಾಲು ಇಲ್ಲ, ಕೆಳಗಿನ ಸಾಲು ಇಲ್ಲ, ಅಚ್ಚ ಬೊಚ್ಚುಬಾಯಿ! ಆಮೇಲೆ ನನ್ನ ಕೈಯೊಳಗಿನ ಡಬ್ಬಿಯನ್ನು ನೋಡಿದರು. ಅದರ ಮೇಲೆ ಮೀಸೆ ತಿರುವಿದ ಪೈಲವಾನನೊಬ್ಬ ಮೂವತ್ತೆರಡೂ ಹಲ್ಲು ತೋರಿಸಿ ನಗುತ್ತಿದ್ದ. ಇದೇನೋ ವಿನೋದ ಎಂದು ತಿಳಿದು ಇಬ್ಬರೂ ನಕ್ಕರು. ನಮ್ಮ ಪೈಕಿ ಯಾರೂ ನಗಲಿಲ್ಲ. ಯಾಕೆಂದರೆ ಅದು ವಿನೋದವಾಗಿರಲಿಲ್ಲ. ಮಂದಿಯ ಹಲ್ಲು ಕಾಯುವ ಧಂದೆ ಹಿಡಿದು, ಅದೇ ಧಂದೆಯ ದೆಸೆಯಿಂದ ತನ್ನ ಹಲ್ಲನ್ನೆಲ್ಲ ಕಳೆದುಕೊಂಡ ಮನುಷ್ಯ ಇಡೀ ಪುಣೆಯಲ್ಲಿ ನಮ್ಮ ಕಾಕಾ ಒಬ್ಬರೇ. ಅದು ಹೇಗೆ ಅಂತೀರೇನು? ಹೇಳುತ್ತೇನೆ, ಸ್ವಲ್ಪ ಸಾವಕಾಶ ಕೂತುಕೊಳ್ಳಿ.

ಕಾಕಾ ಮೊದಲು ಸಾಹೇಬರ ದಂಡು ಇದ್ದ ಕ್ಯಾಂಪಿನ ಒಂದು ಕಚೇರಿಯಲ್ಲಿ ಕಾರಕೂನರಾಗಿದ್ದರು. ಒಮ್ಮೆ ಸಾತಾರಕ್ಕೆ ಹೋಗಬೇಕಾದ ಕಾಗದದ ಕಟ್ಟೊಂದನ್ನು ಸೋಲಾಪುರಕ್ಕೆ ಕಳಿಸಿಬಿಟ್ಟರು. ತಿಳಿದ ಕೂಡಲೆ ನೆಟ್ಟಗೆ ಸಾಹೇಬನ ಮುಂದೆ ಹೋಗಿ, “ನನ್ನ ಕಡೆಯಿಂದ ತಪ್ಪಾಗಿದೆ” ಎಂದರು. ಆ ಸಾಹೇಬ ಕೂಗಿದ ಕೂಗಿಗೆ ಹೊರಗೆ ಕಟ್ಟಿದ ಕುದುರೆ ಹಗ್ಗ ಹರಕೊಂಡು ಓಡಿತಂತೆ! ಅದೇ ವಾರ ಪಕ್ಕದ ಮೇಜಿನವ ಇದರ ಅಪ್ಪನಂಥ ತಪ್ಪು ಮಾಡಿ, ತುಟಿ ಪಿಟ್ಟೆನ್ನದೆ ಅದರ ಮೇಲೆ ಕೂತುಬಿಟ್ಟ. ಅವನಿಗೆ ಬಡ್ತಿ ಸಿಕ್ಕಿತು. ಕಾಕಾ ಅವತ್ತು ಮಧ್ಯಾಹ್ನವೇ ಮನೆಗೆ ಬಂದು ರುಮಾಲು ಗೂಟಕ್ಕೆ ಹಾಕಿದರು.

“ನೌಕರಿ ಬಿಟ್ಟೆ. ಕಾರಖಾನಿ ತಗೀತೇನಿ.”

ಕಾಕು ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು. “ಯಾತರ ಕಾರಖಾನೀರಿ?”

“ಅದನ್ನಿನ್ನೂ ವಿಚಾರ ಮಾಡಿಲ್ಲ. ಆದ್ರ ಅಲ್ಲೆ ತಪ್ಪು ಮಾಡಿ ಬಂದು ಹೇಳಿದವ್ರಿಗೆ ಪೇಢೆ ಕೊಡೂದು. ಇಷ್ಟು ಪಕ್ಕಾ ಆಗೇದ.”

“ಹಂಗಾರ ಪೇಢೇದ ಅಂಗಡೀನ ತಗೀರಿ. ನಡುವ ಕಾರಖಾನಿ ಯಾಕ?”

ಹೀಗೆ, ಕಾಯಿದೆ ಮೊದಲು ಹುಟ್ಟಿ ಮಾಲು ಆಮೇಲೆ ಹುಟ್ಟಿದ ಕಾರಖಾನೆ ನಮ್ಮದು. ಮಾಲನ್ನು ಕೊಟ್ಟವರೂ ಕಾಕುವೇ. ಅವರ ತಂದೆ ವೈದ್ಯರು. ಆ ಮನೆಯಲ್ಲಿ ಕಾವಿಮಣ್ಣು, ಲವಂಗ, ಕರ್ಪೂರ, ಪಟಿಕ, ಉಪ್ಪು ಹಾಕಿ ಕುಟ್ಟಿದ ಕೆಂಪು ಹಲ್ಲುಪುಡಿ ಮಾಡುತ್ತಿದ್ದರು. ಅದನ್ನು ತಿಕ್ಕಿದ ಅವರ ಅಜ್ಜ ಸಾಯುವ ಮುಂಚಿನ ದಿನ ಕಬ್ಬು ಸಿಗಿದು ತಿಂದಿದ್ದನೆಂದು ಕಾಕು ಹೇಳುತ್ತಿದ್ದರು. ಕಬ್ಬು ತಿಂದೇ ಸತ್ತನೇನು ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ನಾನು ಆ ಮನೆಗೆ ಬಂದದ್ದು ಆಮೇಲೆ. ಧಾರವಾಡದಲ್ಲಿ ನಾನು ಬಿ.ಎ. ಪರೀಕ್ಷೆಗೆ ಕೂತೆ, ಆಮೇಲೆ ಪರೀಕ್ಷೆ ನನ್ನ ಮೇಲೆ ಕೂತಿತು. “ಪುಣೆಯಾಗ ಕಾಕಾನ ಕಡೆ ಎರಡು ದಿವಸ ಇರು, ನೌಕರಿ ನೋಡೂಣು” ಎಂದು ಅಪ್ಪ ರೇಲ್ವೆ ಹತ್ತಿಸಿದರು. ಆ ಎರಡು ದಿವಸ ಇನ್ನೂ ಮುಗಿದಿಲ್ಲ.

ಕಾರಖಾನೆಯ ರೀತಿ ಹೀಗಿತ್ತು. ನಾಲ್ಕು ಗಂಟೆಯ ಚಹಾಕ್ಕೆ ಎಲ್ಲರೂ ಅಂಗಳದಲ್ಲಿ ಸುತ್ತುಗಟ್ಟಿ ಕೂಡಬೇಕು. ಕಾಕಾ ಪಕ್ಕದಲ್ಲಿ ಒಂದು ಹಿತ್ತಾಳೆಯ ಡಬ್ಬ. ಅದರೊಳಗೆ ಧಾರವಾಡದ ಪೇಢೆ. ಬೇರೆ ಊರಿನದು ನಡೆಯುವುದಿಲ್ಲ. ಧಾರವಾಡದಿಂದ ಯಾವ ನೆಂಟ ಬಂದರೂ ಕಾಕಾ ಬಾಗಿಲಲ್ಲಿ ಅಡ್ಡ ನಿಂತು ಮೊದಲು ಅವನ ಕೈ ನೋಡುತ್ತಿದ್ದರು. ಪೇಢೆ ಇದ್ದರೆ “ಬರ್ರಿ, ಬರ್ರಿ!” ಇಲ್ಲದಿದ್ದರೆ “ಯಾವಾಗ ಹೊಂಟೀರಿ?”

ಚಹಾ ಬಂತೆಂದರೆ ಕಾಕಾ ಕೇಳುವುದು ಒಂದೇ ಮಾತು: “ಹೂಂ, ಇವತ್ತ ಯಾರದೇನು?” ತಪ್ಪು ಮಾಡಿದವರು ಹೇಳಬೇಕು, ಪೇಢೆ ತಿನ್ನಬೇಕು. ಪೇಢೆ ಗಂಟಲಿಳಿಯುವವರೆಗೆ ಯಾರೂ ನಗಬಾರದು, ಬೈಯಬಾರದು, ಬುದ್ಧಿ ಹೇಳಬಾರದು. ಆಮೇಲೆ ಎಲ್ಲರೂ ಕೂಡಿ ಅದನ್ನು ನೆಟ್ಟಗೆ ಮಾಡುವುದು ಹೇಗೆಂದು ವಿಚಾರ ಮಾಡುವುದು. ತಾವು ತಪ್ಪು ಮಾಡಿದರೆ ಕಾಕಾ ಎಲ್ಲರಿಗಿಂತ ಮೊದಲು ಹೇಳುತ್ತಿದ್ದರು. “ಯಜಮಾನ ಮೊದಲ ಉಣ್ಣಬೇಕ್ರಿ, ಇಲ್ಲಂದ್ರ ಉಳಿದವ್ರು ಎಲಿ ಮುಟ್ಟೂದಿಲ್ಲ” ಎಂಬುದು ಅವರ ವಾದ.

ನಮ್ಮ ಸಖಾರಾಮನಿಗೆ ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಪೇಢೆಯ ಸಲುವಾಗಿ “ಮಾಲಕ, ತಪ್ಪಾತ್ರಿ” ಎನ್ನುವುದೊಂದನ್ನು ಕಲಿತಿದ್ದ, ಮುಂದಿನದೆಲ್ಲ ಮರಾಠಿ. ಕಲಿತದ್ದೇ ತಡ, ದಿನಾ ಅವನದೊಂದು ತಪ್ಪು! ಇವತ್ತು ಲವಂಗ ಚೆಲ್ಲಿದೆ, ನಾಳೆ ಒನಕೆ ಬೀಳಿಸಿದೆ. ಕಾಕಾನಿಗೆ ಸಂಶಯ ಬಂತು. ಒಂದು ದಿನ ಅವನ ಭಾಷೆಯಲ್ಲೇ ಹೇಳಿದರು: “ಸಖಾರಾಮ, ಲವಂಗ ಎಲ್ಲೂ ಚೆಲ್ಲಿಲ್ಲ. ಸುಳ್ಳು ತಪ್ಪಿಗೆ ಪೇಢೆ ಇಲ್ಲ.”

ಸಖಾರಾಮ ತಲೆ ಕೆರೆದುಕೊಂಡ. ಆಮೇಲೆ ಅಂದ: “ಮಾಲಕ, ತಪ್ಪಾತ್ರಿ. ಸುಳ್ಳು ಹೇಳಿದೆ.”

ಕಾಕಾ ಏನು ಮಾಡಬೇಕು ಹೇಳಿ! ಕಾಯಿದೆ ಕಾಯಿದೆಯೇ. ಡಬ್ಬದ ಮುಚ್ಚಳ ತೆಗೆದರು.

ಆದರೆ ಪೇಢೆ ತಿನ್ನುವುದರಲ್ಲಿ ಸಖಾರಾಮ ಕಾಕಾನ ಕಾಲಿನ ಧೂಳಿಗೂ ಸಮನಲ್ಲ. ಒಮ್ಮೆ ಮುಂಬಯಿಯಿಂದ ಗಾಡಿಗಟ್ಟಲೆ ಡಬ್ಬಿ ತರಿಸಿದರು. ಮುಚ್ಚಳ ಬೇಕೆಂದು ಹೇಳಲು ಮರೆತಿದ್ದರು. ಪೇಢೆ. ಒಮ್ಮೆ ಪುಡಿಯ ಜಾಹೀರಾತಿಗೆಂದು ಬ್ಯಾಂಡಿನವರನ್ನು ಗೊತ್ತುಮಾಡಿದರು. ಮಾಡಿದ ದಿನ ಯಾವುದು? ಗಣಪತಿ ಕಳಿಸುವ ದಿನ! ಊರೆಲ್ಲ ಢೋಲು, ಲೇಜೀಮು, ಜಯಘೋಷ. ನಮ್ಮ ಬ್ಯಾಂಡಿನವರೂ ದೇವರ ಮೆರವಣಿಗೆಯೆಂದೇ ತಿಳಿದು ನದಿಯವರೆಗೆ ಹೋಗಿ, ಪುಡಿಯ ಸುದ್ದಿಯನ್ನು ಗಣಪತಿಗೊಬ್ಬನಿಗೇ ತಿಳಿಸಿ ಬಂದರು. ಅದಕ್ಕೆ ಎರಡು ಪೇಢೆ. ಹೀಗೆ ಹೊಸದೊಂದು ಮಾಡಹೋಗಿ ಎಡವುವುದು, ಎಡವಿದ್ದನ್ನು ಹೇಳುವುದು, ಪೇಢೆ ತಿನ್ನುವುದು. ಹಲ್ಲು ಒಂದೊಂದೇ ಅಪ್ಪಣೆ ಕೇಳತೊಡಗಿದವು.

ಪೇಟೆಯ ವೈದ್ಯರೊಬ್ಬರು ಬಂದು ನೋಡಿ, “ರಾಯರ, ಸಿಹಿ ಬಿಡಬೇಕು” ಅಂದರು.

“ಮೊದಲ ತಪ್ಪು ಬಿಡಬೇಕಾಗ್ತದಲ್ರಿ!” ಕಾಕಾ ಅಂದರು.

ಕಾಕು ಒಳಗಿನಿಂದಲೇ ಕೂಗಿದರು: “ಅದಕಿಂತಾ ಹಲ್ಲು ಬಿಡೂದು ಸಸಾರ ಅನಸ್ತದ ಇವರಿಗೆ.”

ಅಂಗಡಿಕಾರರು ನಗುತ್ತಿದ್ದರು. “ನಿಮ್ಮ ಪುಡಿ ನಿಮ್ಮ ಹಲ್ಲನ್ನ ಉಳಸಲಿಲ್ಲ, ಮಂದೀದು ಉಳಸ್ತದೇನು?” ನಾನು ಉಪಾಯ ಹೇಳಿಕೊಟ್ಟೆ: “ಕಾಕಾ, ನಮ್ಮ ಕಾಲಕ್ಕ ಈ ಪುಡಿ ಇರಲಿಲ್ಲ ಅಂತ ಹೇಳಿಬಿಡ್ರಿ.” ಕಾಕಾ ನನ್ನ ಮುಖವನ್ನೇ ನೋಡಿದರು. “ಅದು ಸುಳ್ಳಾಗ್ತದಲ್ಲೋ. ಸಂಜೀಕ ಅದಕ್ಕೊಂದು ಪೇಢೆ ತಿನ್ನಬೇಕಾಗ್ತದ. ಉಳಿದದ್ದೊಂದು ದವಡಿ ಹಲ್ಲು, ಅದೂ ಹೋಗ್ತದ!” ಸ್ವಲ್ಪ ದಿನಕ್ಕೆ ಅದೂ ಹೋಯಿತು.

ಇಷ್ಟೆಲ್ಲ ನಗೆಯ ನಡುವೆ ಆ ಸುತ್ತಿನಲ್ಲಿ ನಗದೆ ಕೂಡುತ್ತಿದ್ದವರು ಒಬ್ಬರೇ, ಗೋದಕ್ಕ. ಬೆಳಗಾವಿ ಕಡೆಯವರು, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಅತ್ತೆಯ ಮನೆಯಲ್ಲಿ ನಿಲ್ಲಲಾರದೆ ಪುಣೆಗೆ ಬಂದವರು. ಜರಡಿ ಹಿಡಿಯುವುದು, ಕಾವಿಯಲ್ಲಿ ಮಿಕ್ಕಿದ್ದೆಲ್ಲ ಬೆರೆಸುವುದು ಅವರ ಕೆಲಸ. ಬಂದು ವರ್ಷವಾಗುತ್ತ ಬಂದರೂ ಒಂದು ಪೇಢೆ ತಿಂದವರಲ್ಲ. “ಇವತ್ತ ಯಾರದೇನು?” ಎಂದು ಕಾಕಾ ಕೇಳಿದರೆ ಸಾಕು, ಅವರು ಸೆರಗು ಬಿಗಿಹಿಡಿದು ನೆಲ ನೋಡುತ್ತಿದ್ದರು. ಕಾಕು ಒಮ್ಮೆ ನನಗೆ ಹೇಳಿದರು: “ಆಕಿ ಅತ್ತೀಮನ್ಯಾಗ ಒಂದು ಬಟ್ಟಲಾ ಒಡದ್ರ ಆ ದಿವಸ ಊಟ ಇರತಿದ್ದಿಲ್ಲಂತ. ತಪ್ಪು ಹೇಳಿದ್ರ ಪೇಢೆ ಕೊಡ್ತಾರಂದ್ರ ಆಕಿ ಹ್ಯಾಂಗ ನಂಬಬೇಕೋ?”

ಆ ಬೇಸಗೆಯಲ್ಲಿ ನಮ್ಮ ಕಾರಖಾನೆ ಮುಳುಗುವ ಸ್ಥಿತಿಗೆ ಬಂದಿತ್ತು. ಪೇಟೆಯ ತುಂಬ ವಿಲಾಯತಿ ಪುಡಿ, ಅದರ ಚೆಂದದ ಡಬ್ಬಿ. ನಮ್ಮ ಪೈಲವಾನನನ್ನು ಕೇಳುವವರಿಲ್ಲ. ಕೊನೆಗೆ ರವಿವಾರ ಪೇಟೆಯ ಒಬ್ಬ ದೊಡ್ಡ ಶೇಟ, ಹೋಲ್‌ಸೇಲ್ ವ್ಯಾಪಾರಿ, ಒಂದು ಗಾಡಿ ಮಾಲು ಸಾತಾರ ಕಡೆಗೆ ಕಳಿಸಿ ನೋಡೋಣ ಎಂದ. ನಡೆದರೆ ತಿಂಗಳಾ ಒಂದು ಗಾಡಿ. ನಡೆಯದಿದ್ದರೆ, ಕಾಕಾನೇ ನಮಗೆಲ್ಲ ಕೂಡಿಸಿ ಹೇಳಿದ್ದರು, ಒರಳು ಬೋರಲು ಹಾಕುವುದು, ಎಲ್ಲರೂ ಬೇರೆ ಕೆಲಸ ನೋಡಿಕೊಳ್ಳುವುದು. ಎಲ್ಲರೂ ಎಂದರೆ ಗೋದಕ್ಕನೂ. ಅವರಿಗೆ ಬೇರೆ ಕೆಲಸ ಎಲ್ಲಿತ್ತು? ತಿರುಗಿ ಅದೇ ಅತ್ತೆಯ ಮನೆ.

ವಾರವಿಡೀ ಕುಟ್ಟಿದ್ದೇ ಕುಟ್ಟಿದ್ದು. ಗುರುವಾರ ಊಟದ ಹೊತ್ತಿಗೆ ಗಾಡಿ ತುಂಬಿತು. ಕಾಕು ಎತ್ತುಗಳಿಗೆ ಕುಂಕುಮ ಹಚ್ಚಿದರು. ಗಾಡಿ ಕಾತ್ರಜದ ಹಾದಿ ಹಿಡಿಯಿತು. ಅಲ್ಲಿಯ ಘಾಟಿನ ಬುಡದಲ್ಲಿ ರಾತ್ರಿ ತಂಗಿ, ಬೆಳಗಿನ ತಂಪಿಗೆ ಏರುವುದು ಗಾಡಿಯವರ ವಾಡಿಕೆ.

ನಾಲ್ಕು ಗಂಟೆಯ ಚಹಾ. ಎಲ್ಲರ ಮುಖದಲ್ಲೂ ಕಳೆ. “ಹೂಂ, ಇವತ್ತ ಯಾರದೇನು? ಯಾರದೂ ಇಲ್ಲಲ್ಲ?” ಎಂದು ಕಾಕಾ ಡಬ್ಬ ಆಚೆ ಸರಿಸುತ್ತಿದ್ದರು.

“ನಂದದ.”

ಗೋದಕ್ಕ! ಕಂಬಕ್ಕೆ ಆತು ನಿಂತಿದ್ದರು. ಒಂದು ಕಣ್ಣು ಕೆಂಪಗೆ ಬಾತು ನೀರು ಸುರಿಯುತ್ತಿತ್ತು. ಕಂಕುಳಲ್ಲಿ ಅವರ ಬಟ್ಟೆಯ ಗಂಟು, ಕಟ್ಟಿಕೊಂಡೇ ಬಂದಿದ್ದರು.

“ಕೆಲಸ ಮುಗಿಸಿ ಕಣ್ಣೊರಸಿಕೊಂಡೆರಿ. ಭುಗಿಲ್ಲಂತು. ಹೋಗಿ ಡಬ್ಬ ನೋಡಿದೆ. ನಾ ಮುಂಜಾನೆ ಬೆರಸಿದ್ದು ಕಾವಿ ಅಲ್ರಿ. ಕಾಕೂರ ಖಾರಪುಡಿ.”

ಬೇಸಗೆಯೆಂದರೆ ನಮ್ಮ ಮನೆಯಲ್ಲಿ ವರ್ಷದ ಖಾರ ಕುಟ್ಟುವ ಕಾಲ. ಊರಿನಿಂದ ಬ್ಯಾಡಗಿ ಮೆಣಸಿನಕಾಯಿ ಮೂಟೆ ಬರುತ್ತಿತ್ತು. ಪುಣೆಯ ಮೆಣಸಿನಕಾಯಿಗೆ ಬಣ್ಣವಿಲ್ಲ ಎಂದು ಕಾಕು ಅದನ್ನು ಮುಟ್ಟುತ್ತಿರಲಿಲ್ಲ. ಆ ಬಣ್ಣದ ಹಟವೇ ಈಗ ಮುಳುವಾಗಿತ್ತು. ಕುಟ್ಟಿ ಜರಡಿ ಹಿಡಿದ ಬ್ಯಾಡಗಿ ಖಾರವನ್ನೂ ಅರೆದ ಕಾವಿಯನ್ನೂ ಪಕ್ಕದಲ್ಲಿ ಇಟ್ಟರೆ, ದೇವರಾಣೆ, ಬ್ರಹ್ಮನಿಗೂ ಗುರುತು ಸಿಗಲಿಕ್ಕಿಲ್ಲ. ಕರ್ಪೂರ ಲವಂಗಗಳ ಘಾಟಿನಲ್ಲಿ ಮೂಗಂತೂ ಮೊದಲೇ ಸತ್ತಿರುತ್ತದೆ.

ಗೋದಕ್ಕ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಸಾತಾರದ ಬಾಯಿ ಹತ್ತಿ ಉರಿಯುವವರೆಗೆ. ಕಾಕಾ ಎದ್ದರು. ಡಬ್ಬದ ಮುಚ್ಚಳ ತೆಗೆದು, ತಾವೇ ಹೋಗಿ ಅವರ ಮುಂದೆ ಹಿಡಿದರು.

“ಗೋದಕ್ಕಾ, ಮೊದಲ ಇದನ್ನ ತಗೋರಿ. ಗಂಟು ಕೆಳಗಿಡ್ರಿ. ಕಣ್ಣಿಗೆ ಹಾಲು ಹಾಕ್ಕೋರಿ. ಉಳಿದದ್ದಕ್ಕ ನಾ ಹೊಂಟೆ.” ನನ್ನ ಕಡೆ ತಿರುಗಿ, “ಏ, ಏಳೋ! ಟಾಂಗಾ ಕರಿ!”

ಆ ಟಾಂಗಾ ಪ್ರಯಾಣವನ್ನು ನಾನು ಮರೆಯುವಂತಿಲ್ಲ. ಕಾಕಾ ಟಾಂಗಾದವನ ಪಕ್ಕ ಕೂತು ಅವನಿಗೂ ಕುದುರೆಗೂ ಸೇರಿಸಿಯೇ ಸ್ತುತಿ ಮಾಡುತ್ತಿದ್ದರು. “ಏನು ಕುದುರಿಯಪ್ಪಾ ಇದು! ಪೇಶವೇರ ಲಾಯದಾಗ ಇರಬೇಕಾದ್ದು!” ಆ ಕುದುರೆ ಪೇಶವೆಯರ ಕಾಲದ್ದೇ ಇರಬೇಕು, ಅಷ್ಟು ಮುದಿಯಾಗಿತ್ತು, ಆದರೂ ಸ್ತುತಿಗೆ ಹುರುಪಾಗಿ ಓಡಿತು. ನಾನು ಹಿಂದೆ ಕೂತು ಕೇಳಿದೆ: “ಕಾಕಾ, ಸಿಟ್ಟು ಬರಲಿಲ್ಲೇನ್ರಿ?”

“ಬಂತಲ್ಲ. ಆದ್ರ ಆಕಿ ಗಂಟು ಕಟಗೊಂಡು ಬಂದು ಹೇಳಿದಳಲ್ಲೋ. ಅಂಥಾಕಿ ಮುಂದ ಸಿಟ್ಟು ತಗೊಂಡು ಏನು ಮಾಡ್ಲಿ?”

ಅಂಗಳದಲ್ಲಿ ಅಷ್ಟು ಸ್ಥಿರವಾಗಿ ಪೇಢೆ ಕೊಟ್ಟ ಮನುಷ್ಯ ಈಗ ಟಾಂಗಾದ ಹಿಡಿಕೆಯನ್ನು ಹಿಡಿದಿದ್ದರು. ಮುಂದೆ ಗಾಡಿ ಕಂಡಾಗೆಲ್ಲ ಅರ್ಧ ಎದ್ದು ನೋಡುತ್ತಿದ್ದರು. ನಾನು ನೋಡಿ ನೋಡದವನಂತೆ ಕೂತೆ.

ಕಾತ್ರಜ ಮುಟ್ಟುವಾಗ ಹೊತ್ತು ಇನ್ನೂ ಇತ್ತು. ಆಲದ ಮರದ ಕೆಳಗೆ ಗಾಡಿ ನಿಂತಿತ್ತು, ಎತ್ತುಗಳು ಮೇಯುತ್ತಿದ್ದವು. ಗಾಡಿಯವ ಚಕ್ರಕ್ಕೆ ಬೆನ್ನು ಕೊಟ್ಟು ಭಾಕರಿ ತಿನ್ನುತ್ತ ಕೂತಿದ್ದ. ಭಾಕರಿಯ ಮೇಲೆ ಕೆಂಪಗೆ ಏನೋ. ಪಕ್ಕದಲ್ಲಿ, ಬಾಯಿ ತೆರೆದು, ಡಬ್ಬಿಯ ಮೇಲಿನ ನಮ್ಮ ಪೈಲವಾನ!

“ಅಯ್ಯಯ್ಯೋ, ಏನು ತಿನ್ನಾಕತ್ತೀಯೋ!” ಕಾಕಾ ಟಾಂಗಾದಿಂದ ಧುಮುಕಿದರು.

ಗಾಡಿಯವನ ಮುಖ ಬಿಳುಚಿತು. ಮರಾಠಿಯಲ್ಲಿ ತೊದಲಿದ: “ಮಾಲಕ, ನಾ ಕದ್ದಿಲ್ಲ. ಕಲ್ಲಿಗೆ ಗಾಲಿ ಬಡಿದು ಒಂದು ಡಬ್ಬಿ ಒಡೀತು. ಖಾರದ ವಾಸನಿ ಬಂತು. ಮಂದಿ ಸಾತಾರಕ್ಕ ಚಟ್ನಿ ಕಳಸ್ತಾರ ಅಂದ್ಕೊಂಡೆ.”

“ಹೊಟ್ಟೀಗೆ ಏನೂ ಆಗಿಲ್ಲಲ್ಲ?”

“ಇಲ್ಲ. ರುಚಿ ಛಲೋ ಅದ. ಲವಂಗ ಒಂಚೂರು ಜಾಸ್ತಿ ಆಗೇದ.”

ಕಾಕಾ ಮಣ್ಣಲ್ಲೇ ಕೂತುಬಿಟ್ಟರು. ನಗುತ್ತಿದ್ದಾರೋ ಅಳುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಬೊಚ್ಚುಬಾಯಿಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಆಮೇಲೆ ಕೋಟಿನ ಕಿಸೆಗೆ ಕೈ ಹಾಕಿ ಒಂದು ಪೇಢೆ ತೆಗೆದು ಗಾಡಿಯವನ ಕೈಯಲ್ಲಿಟ್ಟರು. “ಡಬ್ಬಿ ಒಡದದ್ದು ಹೇಳಿದೆಲ್ಲ, ತಗೋ. ಈಗ ಎತ್ತು ಹೂಡು, ತಿರುಗಿ ಪುಣೆಗೆ.”

ಮರುದಿನ ಮುಂಜಾನೆ ಶೇಟನ ಅಂಗಡಿಗೆ ಹೊರಟರು. ನಾನು ಬೆನ್ನು ಹತ್ತಿದೆ. “ಕಾಕಾ, ಶೇಟಗ ಹೇಳೂದ್ಯಾಕ? ಹೊಸಾ ಪುಡಿ ತುಂಬಿಸಿ ಕಳಸಿದ್ರಾತು. ಅಂವಗ ಏನು ಗೊತ್ತಾಗ್ತದ?” ಕಾಕಾ ರುಮಾಲು ಬಿಗಿಮಾಡಿಕೊಂಡು ನಡೆದೇಬಿಟ್ಟರು. ಶೇಟನ ಗಾದಿಯ ಮುಂದೆ ನಿಂತು ಹೇಳಿದ್ದು ಇಷ್ಟು: “ಶೇಟಜಿ, ನಿಮ್ಮ ಮಾಲಿನೊಳಗ ಖಾರ ಬೆರತಿತ್ತು. ತಿರುಗಿಸಿ ತಂದೇನಿ. ಖಾರದ ಡಬ್ಬ ಕಾವಿ ಡಬ್ಬದ ಬಾಜೂಕ ಇರೂದನ್ನ ದಿನಾ ನೋಡಿ ಸುಮ್ಮನಿದ್ದಾಂವ ನಾ. ತಪ್ಪು ನಂದು.” ಗೋದಕ್ಕನ ಹೆಸರು ಬರಲೇ ಇಲ್ಲ.

ಶೇಟ ತಕ್ಕಡಿ ಕೆಳಗಿಟ್ಟ. ಕಾಕಾನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಅಂದ: “ಹೊಸ ಮಾಲು ಕಳಿಸಿ. ಆದರೆ ಪ್ರತಿ ಗಾಡಿ ಹೊರಡುವ ಮೊದಲು ನೀವೇ ಇಲ್ಲಿಗೆ ಬಂದು, ನಾನು ತೋರಿಸಿದ ಡಬ್ಬಿಯ ಪುಡಿಯಿಂದ ನನ್ನ ಮುಂದೆ ಹಲ್ಲು ತಿಕ್ಕಬೇಕು.”

“ಹಲ್ಲು?” ಎಂದು ಕಾಕಾ ಬಾಯಿ ತೆರೆದು ತೋರಿಸಿದರು.

“ವಸಡು ತಿಕ್ಕಿ,” ಅಂದ ಶೇಟ, ಒಂದಿಷ್ಟೂ ನಗದೆ.

ತಿಂಗಳಿಗೊಮ್ಮೆ ರವಿವಾರ ಪೇಟೆಯಲ್ಲಿ ಅದೊಂದು ತಮಾಷೆಯೇ ಆಯಿತು. ರುಮಾಲು ಸುತ್ತಿದ ಮುದುಕರೊಬ್ಬರು ಅಂಗಡಿಯ ಮುಂಗಟ್ಟೆಯ ಮೇಲೆ ಕೂತು, ತಂಬಿಗೆ ಪಕ್ಕದಲ್ಲಿಟ್ಟುಕೊಂಡು, ಗಂಭೀರವಾಗಿ ಬೊಚ್ಚು ವಸಡು ತಿಕ್ಕುವರು! ನೋಡಲು ಮಂದಿ ನೆರೆಯುವರು. ನೋಡಿದವರು ನಕ್ಕು ಒಂದೊಂದು ಡಬ್ಬಿ ಕೊಳ್ಳುವರು. ಬ್ಯಾಂಡು ಮಾಡಲಾರದ್ದನ್ನು ಬೊಚ್ಚುಬಾಯಿ ಮಾಡಿತು. ಕಾರಖಾನೆ ಉಳಿಯಿತು.

ಆ ಗುರುವಾರದ ತರುವಾಯ ಗೋದಕ್ಕ ಅಂಗಳದಲ್ಲಿ ಮಾತಾಡತೊಡಗಿದರು. ಮೊದಲು ಸಣ್ಣ ದನಿಯಲ್ಲಿ, ಆಮೇಲೆ ಜೋರಾಗಿ, ಕೊನೆಕೊನೆಗೆ ಕಾಕಾನನ್ನೇ ಗದರುವಷ್ಟು. “ಮತ್ತ ಹೊಸಾದೇನರೆ ಮಾಡವ್ರಿದ್ರ ನನ್ನ ಕೇಳಿ ಮಾಡ್ರಿ, ಧಾರವಾಡದಾಗ ಪೇಢೆ ತೀರ್ಯಾವ!” ಎಂದು ಅವರು ಅಂದ ದಿನ ಕಾಕಾ ಹಿಗ್ಗಿದ ಹಿಗ್ಗು ನೋಡಬೇಕಿತ್ತು. ನಾನು ನೌಕರಿ ಹುಡುಕುವುದನ್ನು ಬಿಟ್ಟೆ. ಆ ಅಂಗಳದಲ್ಲಿ ಕೂತು ಕಲಿತದ್ದನ್ನು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ. ಇವತ್ತು ನಾಲ್ಕು ಮಂದಿಯ ಮುಂದೆ ತಲೆಯೆತ್ತಿ ನಿಲ್ಲುತ್ತೇನೆಂದರೆ ಅದು ಕಾಕಾ ಹಾಕಿದ ಅನ್ನ.

ದೇಶಕ್ಕೆ ಸ್ವಾತಂತ್ರ್ಯ ಬರುವ ಮುಂಚಿನ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಮಕ್ಕಳಿರಲಿಲ್ಲ. ಧಾರವಾಡದಿಂದ ಬಂದ ಹಿರಿಯರು ಕೂಡಿ ಮಾತಾಡಿದರು: ಕಾರಖಾನೆ ಮುಚ್ಚುವುದು, ಕಾಕುವನ್ನು ಊರಿಗೆ ಕರೆದುಕೊಂಡು ಹೋಗುವುದು. ವೈಕುಂಠ ಸಮಾರಾಧನೆಯ ಮರುದಿನ ಮುಂಜಾನೆ ಟಾಂಗಾ ಬಂದು ಬಾಗಿಲಲ್ಲಿ ನಿಂತಿತು. ಅವರ ಟ್ರಂಕನ್ನು ನಾನೇ ಹೊತ್ತು ತಂದು ಪಡಸಾಲೆಯಲ್ಲಿಟ್ಟೆ.

ಆಗ ಹಿತ್ತಲಂಗಳದಲ್ಲಿ ಒನಕೆಯ ಸದ್ದು ಶುರುವಾಯಿತು. ಯಾರೂ ಹೇಳಿರಲಿಲ್ಲ. ಸಖಾರಾಮ ತಾನಾಗಿಯೇ ಬಂದು ಕುಟ್ಟುತ್ತಿದ್ದ. ಸ್ವಲ್ಪ ಹೊತ್ತಿಗೆ ಗೋದಕ್ಕ ಒಳಗೆ ಬಂದು, ಕೈ ಒರಸಿಕೊಳ್ಳುತ್ತ, ಹಿರಿಯರ ಕಡೆ ನೋಡದೆ, ಕಾಕುವಿನ ಮುಂದೆ ನಿಂತರು.

“ಕಾಕೂ, ಲವಂಗ ತೀರ್ಯಾವ. ಎಷ್ಟು ತರಸೂಣ್ರಿ?”

ಕಾಕು ಆ ಒನಕೆಯ ಸದ್ದಿಗೆ ಕಿವಿಗೊಟ್ಟರು. ಆಮೇಲೆ ಎದ್ದು, ಸೆರಗು ಸೊಂಟಕ್ಕೆ ಸಿಗಿಸಿಕೊಂಡು, “ನಡೀ, ನೋಡಿ ಹೇಳ್ತೇನಿ” ಎಂದು ಹಿತ್ತಲಿಗೆ ಹೋದರು.

ನಾನು ಹೊರಗೆ ಬಂದು ಟಾಂಗಾದವನಿಗೆ ಹೋಗು ಅಂದೆ.